ಸಿರಪ್ ಕೊಟ್ಟರೂ ಜ್ವರ ಬಿಡುತ್ತಿಲ್ಲ ಅನ್ನುವವರಿಗೆ

ಮಳೆಗಾಲ ಬಂತೆಂದರೆ ಹರಿಹರದಿಂದ ಚನ್ನಗಿರಿವರೆಗೆ ಎಲ್ಲರದ್ದೂ ಇದೇ ಪ್ರಶ್ನೆ. ಹಾಗಾಗಿ ಈ ವಾರ ಹೆಚ್ಚಿನ ಜಾಗ ಇದಕ್ಕೇ.

ಮಗಳಿಗೆ ಮೂರು ವರ್ಷ, ತೂಕ 12 ಕೆ.ಜಿ. ಎರಡು ದಿನದಿಂದ ಜ್ವರ. ಪ್ಯಾರಾಸಿಟಮಾಲ್ ಸಿರಪ್ 2.5 ಎಂ.ಎಲ್. ಕೊಟ್ಟರೆ 103 ಇದ್ದದ್ದು 101ಕ್ಕೆ ಇಳಿದು ಮತ್ತೆ ಏರುತ್ತದೆ. ಮೆಡಿಕಲ್ ಶಾಪಿನವರು ಬೇರೆ ಸ್ಟ್ರಾಂಗ್ ಔಷಧಿ ಕೊಡ್ತೀವಿ ಅಂತಾರೆ. ಬದಲಿಸಲಾ? — ಜಗಳೂರಿನ ತಾಯಿ

ಬದಲಿಸಬೇಡಿ ತಾಯಿ. ಎರಡು ಡಿಗ್ರಿ ಇಳಿದಿದೆ ಅಂದರೆ ಔಷಧಿ ಕೆಲಸ ಮಾಡಿದೆ. ಅದು ಜ್ವರದ ಕಾರಣವನ್ನು ತೆಗೆಯುವುದಿಲ್ಲ, ಮಗುವಿನ ಸಂಕಟ ಕಡಿಮೆ ಮಾಡುತ್ತದೆ, ಅಷ್ಟೇ. ನಾಲ್ಕಾರು ತಾಸಿಗೆ ಅದರ ಪ್ರಭಾವ ಮುಗಿಯುತ್ತದೆ, ಜ್ವರ ಮತ್ತೆ ಏರುತ್ತದೆ. ವೈರಲ್ ಜ್ವರ ಮೂರರಿಂದ ಐದು ದಿನ ಹೀಗೇ ಆಡಿಸುತ್ತದೆ.

ಮೊದಲು ಬಾಟಲಿಯ ಮೇಲೆ ಏನಿದೆ ನೋಡಿ. 5 ಎಂ.ಎಲ್.ಗೆ 120 ಮಿ.ಗ್ರಾಂ. ಇರುವ ಸಿರಪ್ಪೂ ಇದೆ, 250 ಇರುವುದೂ ಇದೆ. ಕೆ.ಜಿ.ಗೆ 10ರಿಂದ 15 ಮಿ.ಗ್ರಾಂ. ಲೆಕ್ಕದಲ್ಲಿ ನಿಮ್ಮ ಮಗಳಿಗೆ ಒಂದು ಸಲಕ್ಕೆ 120ರಿಂದ 180 ಬೇಕು. ನಿಮ್ಮದು 120ರ ಬಾಟಲಿಯಾದರೆ ನೀವು ಕೊಡುತ್ತಿರುವುದು ಬರೀ 60, ಸಾಲದು. 250ರದ್ದಾದರೆ ಸರಿಯಾಗಿದೆ. ಅಡುಗೆಮನೆ ಚಮಚದಲ್ಲಿ ಅಳೆಯಬೇಡಿ. ಎರಡು ಡೋಸಿನ ನಡುವೆ ಕನಿಷ್ಠ ನಾಲ್ಕು ತಾಸು ಬಿಡಿ, ದಿನಕ್ಕೆ ನಾಲ್ಕು ಸಲ ದಾಟಿಸಬೇಡಿ. ಎಷ್ಟೋ ನೆಗಡಿ ಸಿರಪ್ಪಿನಲ್ಲೂ ಪ್ಯಾರಾಸಿಟಮಾಲ್ ಇರುತ್ತದೆ. ಎರಡೂ ಸೇರಿದರೆ ಲಿವರ್‌ಗೆ ಪೆಟ್ಟು.

ಆ 'ಸ್ಟ್ರಾಂಗ್' ಔಷಧಿ ನನಗೆ ಸಿಟ್ಟು ತರಿಸುವ ವಿಷಯ. ನಿಮೆಸುಲೈಡ್ ಎಂಬ ಜ್ವರದ ಔಷಧಿಯನ್ನು 12 ವರ್ಷದೊಳಗಿನ ಮಕ್ಕಳಿಗೆ ಕೊಡಬಾರದೆಂದು ಸರ್ಕಾರ 2011ರಲ್ಲೇ ನಿಷೇಧಿಸಿದೆ. ಡೆಂಗ್ಯೂ ಇರಬಹುದಾದ ಕಾಲದಲ್ಲಿ ಐಬುಪ್ರೊಫೆನ್, ಮೆಫೆನಮಿಕ್ ಆಸಿಡ್ ಕೊಟ್ಟರೆ ರಕ್ತಸ್ರಾವದ ಅಪಾಯ ಜಾಸ್ತಿ. ಆಸ್ಪಿರಿನ್ ಅಂತೂ ಮುಟ್ಟಲೇಬೇಡಿ.

ಥರ್ಮಾಮೀಟರ್ ಬಿಟ್ಟು ಮಗುವನ್ನು ನೋಡಿ. ಜ್ವರ ಇಳಿದಾಗ ಆಡುತ್ತಾಳಾ, ನೀರು ಕುಡಿಯುತ್ತಾಳಾ, ಉಚ್ಚೆ ಹೊಯ್ಯುತ್ತಾಳಾ? ಹಾಗಿದ್ದರೆ ಧೈರ್ಯವಾಗಿರಿ. ಜ್ವರ ಇಳಿದರೂ ಮಂಕಾಗಿ ಮಲಗಿದ್ದರೆ, ಏದುಸಿರು, ಫಿಟ್ಸ್, ಪದೇ ಪದೇ ವಾಂತಿ, ಜೋರು ಹೊಟ್ಟೆನೋವು, ಮೈಮೇಲೆ ಕೆಂಪು ಚುಕ್ಕೆ ಕಂಡರೆ ರಾತ್ರಿಯಾದರೂ ಆಸ್ಪತ್ರೆಗೆ ಕರೆತನ್ನಿ. ಮೂರು ದಿನ ದಾಟಿದರೆ ಹೇಗೂ ತೋರಿಸಿ. ಡೆಂಗ್ಯೂ ಕೈಕೊಡುವುದು ಜ್ವರ ಬಿಡುವ ಹೊತ್ತಿಗೇ. 'ಜ್ವರ ಹೋಯ್ತಲ್ಲ' ಅಂತ ಕೈಕಾಲು ತಣ್ಣಗಾದ ಮಗುವನ್ನು ಮನೆಯಲ್ಲೇ ಇಟ್ಟುಕೊಳ್ಳುವವರನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ಐಸ್ ನೀರಿನ ಬಟ್ಟೆ ಹಾಕಬಹುದಾ?

ಬೇಡ. ಮಗು ನಡುಗಿ ಜ್ವರ ಇನ್ನೂ ಏರುತ್ತದೆ. ಸ್ಪಿರಿಟ್ ಒರೆಸುವುದೂ ತಪ್ಪು.

ಊರಲ್ಲಿ ಹೊಟ್ಟೆಗೆ ಬರೆ ಹಾಕಿಸಿ ಅಂತಾರೆ.

ಹಾಗೆ ಹೇಳುವವರನ್ನು ಮನೆಯೊಳಗೆ ಬಿಡಬೇಡಿ. ಅದು ಮಗುವಿಗೆ ಕೊಡುವ ಹಿಂಸೆ, ಚಿಕಿತ್ಸೆಯಲ್ಲ. ಸುಟ್ಟ ಗಾಯಕ್ಕೆ ಕೀವು ತುಂಬಿಕೊಂಡೇ ಎಷ್ಟೋ ಮಕ್ಕಳು ನಮ್ಮ ಹತ್ತಿರ ಬರುತ್ತಾರೆ.

ಜ್ವರದಲ್ಲಿ ಅನ್ನ ಕೊಡಬಹುದಾ?

ಕೇಳಿದ್ದನ್ನು ಕೊಡಿ.

ಎರಡು ತಿಂಗಳ ಕೂಸಿಗೆ 100.5 ಇದೆ, ಎಷ್ಟು ಹನಿ ಹಾಕಲಿ?

ಹನಿ ಲೆಕ್ಕ ಬಿಡಿ. ಮೂರು ತಿಂಗಳೊಳಗಿನ ಕೂಸಿಗೆ 100.4 ಮುಟ್ಟಿದರೆ ಈಗಲೇ ಮಕ್ಕಳ ಡಾಕ್ಟರ ಹತ್ತಿರ ಹೊರಡಿ.