ಫ್ರೆಸ್ನೋದಲ್ಲಿ ಔಷಧ ಹೊಡೆಯುವ ಲೈಸೆನ್ಸು: ತಿಕೋಟಾದ ತಮ್ಮನಿಗೆ

ತಮ್ಮಾ, ನೀನು ಕೇಳಿದ್ದು ಇಷ್ಟು. ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯದಲ್ಲಿ ಬಿ.ಎಸ್ಸಿ. ಮುಗಿಸಿದ್ದೀಯ, ತಿಕೋಟಾದಲ್ಲಿ ಮನೆಯ ಆರು ಎಕರೆ ದ್ರಾಕ್ಷಿ ಪಡ ನೋಡಿಕೊಂಡಿದ್ದೀಯ, ಹೆಂಡತಿ ಕ್ಯಾಲಿಫೋರ್ನಿಯಾದ ಫ್ರೆಸ್ನೋದಲ್ಲಿ ನೌಕರಿ ಮಾಡುತ್ತಾಳೆ, ಬರುವ ವರ್ಷ ನೀನೂ ಬರುತ್ತೀಯ. ‘ಹತ್ತು ವರ್ಷ ಔಷಧ ಹೊಡೆದವನಿಗೆ ಅಲ್ಲಿ ಮತ್ತೆ ಲೈಸೆನ್ಸು ಯಾಕೆ, ಡಿಗ್ರಿ ಸಾಲದೇನು, ಒಮ್ಮೆ ತೆಗೆದರೆ ಎಷ್ಟು ವರ್ಷ ನಡೆಯುತ್ತದೆ’ ಎಂದು ಬರೆದಿದ್ದೀಯ.

ಡಿಗ್ರಿ ಸಾಲದು. ಲೈಸೆನ್ಸು ಎರಡು ವರ್ಷ ನಡೆಯುತ್ತದೆ. ಯಾಕೆ ಬೇಕು ಎಂಬುದನ್ನು ಮಾತ್ರ ಸ್ವಲ್ಪ ಬಿಡಿಸಿ ಹೇಳಬೇಕು.

ನಾನು ಬಬಲೇಶ್ವರದ ಕಡೆಯವನು. ಹದಿನೇಳು ವರ್ಷದಿಂದ ಫ್ರೆಸ್ನೋ ಹತ್ತಿರದ ಸೆಲ್ಮಾ ಸುತ್ತಮುತ್ತ ದ್ರಾಕ್ಷಿಯಲ್ಲೇ ಇದ್ದೇನೆ. ನಿನಗೆ ಇಲ್ಲಿ ಬಳ್ಳಿ ಹೊಸದೆನಿಸುವುದಿಲ್ಲ. ಅದೇ ಥಾಮ್ಸನ್ ಸೀಡ್‌ಲೆಸ್. ನಮ್ಮಲ್ಲಿ ಗೊಂಚಲನ್ನು ಪೊಟ್ಯಾಶಿಯಂ ಕಾರ್ಬೊನೇಟ್ ಮತ್ತು ಡಿಪ್ಪಿಂಗ್ ಎಣ್ಣೆಯ ನೀರಿನಲ್ಲಿ ಅದ್ದಿ ಶೆಡ್ಡಿನ ನೆರಳಿನಲ್ಲಿ ಮಣೂಕ, ಅಂದರೆ ಒಣದ್ರಾಕ್ಷಿ, ಮಾಡುತ್ತೇವೆ. ಇಲ್ಲಿ ಆಗಸ್ಟ್ ಕೊನೆಗೆ ಕೊಯ್ದು ಸಾಲಿನ ನಡುವೆ ಕಾಗದ ಹಾಸಿ ಬಿಸಿಲಿನಲ್ಲೇ ಒಣಗಿಸುವವರು ಇನ್ನೂ ಇದ್ದಾರೆ, ಕೆಲವರು ಬಳ್ಳಿಯ ಮೇಲೆಯೇ ಒಣಗಿಸುತ್ತಾರೆ. ಬೇಸಿಗೆಯಲ್ಲಿ ಮಳೆ ಇಲ್ಲದ್ದರಿಂದ, ಅಕ್ಟೋಬರ್ ಚಾಟ್ನಿ (ಬಳ್ಳಿಯ ಕಡ್ಡಿ ಕತ್ತರಿಸುವುದು) ಆದ ಮೇಲೆ ನಮ್ಮನ್ನು ರಾತ್ರಿ ನಿದ್ದೆಗೆಡಿಸುವ ಡೌನಿ ಎಂಬ ಬೂಷ್ಟು ರೋಗದ ಕಾಟ ಇಲ್ಲಿಲ್ಲ. ಬೂದಿ ರೋಗ ಮಾತ್ರ ಬಿಡುವುದಿಲ್ಲ, ಅದಕ್ಕೆ ಗಂಧಕ ಹೊಡೆಯುತ್ತಲೇ ಇರಬೇಕು.

ಇಲ್ಲಿ ಕಾಗದ ಒಂದೇ ಅಲ್ಲ. ತೋಟದ ಆಳಾಗಿ ಸೇರಿ ಸಾಮಾನ್ಯ ಔಷಧ ಬೆರೆಸುವುದಕ್ಕೂ ಹೊಡೆಯುವುದಕ್ಕೂ ಲೈಸೆನ್ಸು ಬೇಡ. ಆದರೆ ಕೈ ಹಚ್ಚುವ ಮೊದಲು ತರಬೇತಿ ಆಗಿರಬೇಕು, ಅದೂ ಪ್ರತಿ ವರ್ಷ, ಅದೂ ಆಳಿಗೆ ತಿಳಿಯುವ ಭಾಷೆಯಲ್ಲಿ. ನಿನ್ನ ಮೊದಲ ಕೆಲಸ ಬಹುಶಃ ಹೀಗೇ ಶುರುವಾಗುತ್ತದೆ, ಅದರಲ್ಲಿ ಕೀಳೇನೂ ಇಲ್ಲ. ತನ್ನ ಹೊಲದಲ್ಲೇ ನಿರ್ಬಂಧಿತ ಔಷಧ (ಅಪಾಯ ಹೆಚ್ಚೆಂದು ಬಳಕೆಗೆ ಕಟ್ಟುಪಾಡು ಹಾಕಿದ್ದು) ಬಳಸುವ ರೈತನಿಗೆ ಪ್ರೈವೇಟ್ ಅಪ್ಲಿಕೇಟರ್ ಸರ್ಟಿಫಿಕೇಟು. ಅದನ್ನು ಕೌಂಟಿಯ (ನಮ್ಮ ಜಿಲ್ಲೆಯಂಥದು) ಕೃಷಿ ಕಮಿಷನರ್ ಕಚೇರಿ ಕೊಡುತ್ತದೆ, ಮೂರು ವರ್ಷ ಇರುತ್ತದೆ. ಬೇರೆಯವರ ತೋಟಕ್ಕೆ ಔಷಧ ಹೊಡೆಯುವ ಕಂಪನಿಯಲ್ಲಿ ಮೇಲ್ವಿಚಾರಣೆ ಮಾಡುವವನಿಗೆ ಕ್ವಾಲಿಫೈಡ್ ಅಪ್ಲಿಕೇಟರ್ ಲೈಸೆನ್ಸು, ಇದು ರಾಜ್ಯದ ಕೀಟನಾಶಕ ನಿಯಂತ್ರಣ ಇಲಾಖೆಯಿಂದ. ನೀನು ಕೇಳುತ್ತಿರುವುದು ಇದನ್ನೇ.

ಇದಕ್ಕೆ ಡಿಗ್ರಿ ಕೇಳುವುದಿಲ್ಲ, ಹದಿನೆಂಟು ತುಂಬಿರಬೇಕು. ಎರಡು ಪರೀಕ್ಷೆ: ಕಾನೂನು ಮತ್ತು ಮೂಲ ತತ್ವಗಳದ್ದು ಒಂದು, ನಿನ್ನ ವಿಭಾಗದ್ದು ಇನ್ನೊಂದು. ಕೃಷಿಯ ವಿಭಾಗ ‘ಡಿ’. ಪ್ರತಿಯೊಂದರಲ್ಲೂ ಶೇ. 70 ಬರಬೇಕು. ನಿನ್ನ ಬಿ.ಎಸ್ಸಿ. ಉಪಯೋಗಕ್ಕೆ ಬರುವುದು ಅದರ ಮೇಲಿನ ಮೆಟ್ಟಿಲಿಗೆ. ಯಾವ ರೋಗಕ್ಕೆ ಏನು ಹೊಡೆಯಬೇಕೆಂದು ಬರೆದುಕೊಡುವ ಪೆಸ್ಟ್ ಕಂಟ್ರೋಲ್ ಅಡ್ವೈಸರ್ ಆಗಲು ಕಾಲೇಜಿನ ಓದು ಬೇಕೇ ಬೇಕು. ಅಂಕಪಟ್ಟಿಗಳನ್ನು ಮೊಹರು ಹಾಕಿಸಿ ತೆಗೆದುಕೊಂಡೇ ವಿಮಾನ ಹತ್ತು. ಇಲ್ಲಿಂದ ತರಿಸುವುದು ದೊಡ್ಡ ತಾಪತ್ರಯ.

ಓದುವಾಗ ನನಗೆ ಹೆಚ್ಚು ಕಷ್ಟವಾದದ್ದು ಕಾನೂನಲ್ಲ, ಲೆಕ್ಕ. ನಮ್ಮಲ್ಲಿ ಎಲ್ಲವೂ ಬ್ಯಾರಲ್ ಲೆಕ್ಕ: ಇನ್ನೂರು ಲೀಟರಿಗೆ ಇಷ್ಟು ಗ್ರಾಂ. ಆ ಬ್ಯಾರಲ್ ಎಷ್ಟು ಸಾಲಿಗೆ ಹೋಯಿತು ಎಂದು ನಾವು ಅಳೆಯುವುದಿಲ್ಲ. ಇಲ್ಲಿನ ಲೇಬಲ್ಲು ಎಕರೆಗೆ ಇಷ್ಟು ಎನ್ನುತ್ತದೆ. ನೀರು ಎಷ್ಟೇ ಇರಲಿ, ಎಕರೆಗೆ ಬೀಳುವ ಔಷಧ ಅದಕ್ಕಿಂತ ಮೇಲೆ ಹೋಗಬಾರದು. ಹಾಗಾಗಿ ಟ್ರ್ಯಾಕ್ಟರಿನ ವೇಗ, ಸಾಲಿನ ಅಗಲ, ನಾಜಲ್‌ಗಳಿಂದ ನಿಮಿಷಕ್ಕೆ ಬರುವ ನೀರು ಮೂರನ್ನೂ ಅಳೆಯಲೇಬೇಕು. ನಿಮಿಷದ ಗ್ಯಾಲನ್ನನ್ನು 495ರಿಂದ ಗುಣಿಸಿ, ಗಂಟೆಯ ಮೈಲಿ ಮತ್ತು ಅಡಿಯಲ್ಲಿನ ಸಾಲಿನ ಅಗಲದ ಗುಣಲಬ್ಧದಿಂದ ಭಾಗಿಸು. ನಿಮಿಷಕ್ಕೆ 3 ಗ್ಯಾಲನ್, ಗಂಟೆಗೆ ಎರಡೂವರೆ ಮೈಲಿ, 12 ಅಡಿ ಸಾಲು ಎಂದರೆ ಎಕರೆಗೆ 49.5 ಗ್ಯಾಲನ್, ನಮ್ಮ ಲೆಕ್ಕದಲ್ಲಿ ಸುಮಾರು 187 ಲೀಟರ್. ಎಕರೆ ಮಾತ್ರ ಎರಡೂ ಕಡೆ ಒಂದೇ, 40 ಗುಂಟೆ, 43,560 ಚದರ ಅಡಿ. ಆ ಒಂದು ಗೂಟ ಹಿಡಿದುಕೊಂಡೇ ನಾನು ಲೀಟರು ಗ್ಯಾಲನ್ನಿನ ಹೊಳೆ ದಾಟಿದೆ. ನೀನು ಈಗಲೇ ನಿಮ್ಮ ಬ್ಲೋವರಿನಲ್ಲಿ ಬರೀ ನೀರು ತುಂಬಿ ಎಕರೆಗೆ ಎಷ್ಟು ಬೀಳುತ್ತದೆ ಎಂದು ಅಳೆದು ನೋಡು. ಅಲ್ಲಿ ಕಲಿತ ಕೈ ಇಲ್ಲಿ ತಪ್ಪುವುದಿಲ್ಲ.

ಇನ್ನೊಂದು, ಪೆಸ್ಟಿಸೈಡ್ ಎಂದರೆ ಇಲ್ಲಿ ಬರೀ ಕೀಟದ ಔಷಧ ಅಲ್ಲ. ಕಾಳು ದಪ್ಪವಾಗಲೆಂದು ನಾವು ಗೊಂಚಲು ಅದ್ದುವ ಜಿ.ಎ. (ಜಿಬ್ಬರೆಲಿಕ್ ಆಮ್ಲ) ಕೂಡ ಕಾನೂನಿನಲ್ಲಿ ಪೆಸ್ಟಿಸೈಡೇ. ಕಳೆನಾಶಕ, ಇಲಿ ಪಾಷಾಣ, ಗಂಧಕ ಎಲ್ಲವೂ ಹೌದು. ತೂಕದ ಲೆಕ್ಕದಲ್ಲಿ ಈ ರಾಜ್ಯದಲ್ಲಿ ಎಲ್ಲಕ್ಕಿಂತ ಹೆಚ್ಚು ಬಳಕೆಯಾಗುವುದು ಗಂಧಕವೇ. ಸಾವಯವ ರೈತನೂ ಗಂಧಕ ಹೊಡೆದರೆ ಲೆಕ್ಕ ಕೊಡಬೇಕು. ಕೃಷಿಗೆ ಬಳಸಿದ ಎಲ್ಲ ಔಷಧದ ವರದಿ 1990ರಿಂದ ಕಡ್ಡಾಯ: ಯಾವ ಹೊಲ, ಯಾವ ದಿನ, ಎಷ್ಟು. ರೈತ ತಿಂಗಳದ್ದನ್ನು ಮುಂದಿನ ತಿಂಗಳ 10ರೊಳಗೆ ಕಮಿಷನರ್ ಕಚೇರಿಗೆ ಸಲ್ಲಿಸುತ್ತಾನೆ. ನಿರ್ಬಂಧಿತ ಔಷಧವಾದರೆ ಪರ್ಮಿಟ್ಟು ಬೇಕು, ಹೊಡೆಯುವ 24 ತಾಸು ಮೊದಲೇ ತಿಳಿಸಬೇಕು. 2025ರ ಮಾರ್ಚಿನಿಂದ ಆ ಮಾಹಿತಿ ಊರಿನ ಜನರಿಗೂ ಮುಂಚಿತವಾಗಿ ಸಿಗುತ್ತಿದೆ. ಪಕ್ಕದ ಶಾಲೆಯ ತಾಯಂದಿರು ನೋಡಿಕೊಳ್ಳುತ್ತಾರೆ, ನೋಡಿಕೊಳ್ಳಲೇಬೇಕು.

ನಮ್ಮ 1968ರ ಕೀಟನಾಶಕ ಕಾಯ್ದೆ ಮಾರುವ ಅಂಗಡಿಯವನಿಗೆ ಲೈಸೆನ್ಸು ಕೇಳುತ್ತದೆ, ತನ್ನ ಹೊಲದಲ್ಲಿ ಹೊಡೆಯುವ ರೈತನಿಗೆ ಕೇಳುವುದಿಲ್ಲ. ಡಬ್ಬಿಯ ಮೇಲೆ ಕೆಂಪು, ಹಳದಿ, ನೀಲಿ, ಹಸಿರು ಬಣ್ಣದ ಗುರುತು ಇದ್ದೇ ಇದೆ. ಅದನ್ನು ನಮ್ಮಪ್ಪನಿಗೆ ಯಾರೂ ಓದಿ ಹೇಳಲಿಲ್ಲ. ನಾನು ಒಂಬತ್ತನೇ ಇಯತ್ತೆಯಲ್ಲಿದ್ದಾಗ ಅಪ್ಪ ಬರಿಗೈಯಲ್ಲಿ ಮೊನೊಕ್ರೊಟೊಫಾಸ್ ಕಲಕಿ ಮಧ್ಯಾಹ್ನದವರೆಗೆ ಹೊಡೆದರು. ಅದು ಕೆಂಪು ಗುರುತಿನದು, ಎಲ್ಲಕ್ಕಿಂತ ಹೆಚ್ಚು ವಿಷದ್ದು. ಸಂಜೆ ಮೈಯೆಲ್ಲ ಬೆವರು, ಬಾಯಲ್ಲಿ ಜೊಲ್ಲು, ಕಣ್ಣಿನ ಪಾಪೆ ಸಾಸಿವೆ ಕಾಳಿನಷ್ಟು. ಟ್ರ್ಯಾಕ್ಟರಿನಲ್ಲೇ ವಿಜಯಪುರಕ್ಕೆ ಒಯ್ದೆವು. ರಾತ್ರಿಯೆಲ್ಲ ಆ ವಿಷದ ಪ್ರತಿಮದ್ದು ಅಟ್ರೋಪಿನ್ ಕೊಟ್ಟರು, ಅಪ್ಪ ಉಳಿದರು.

ಇಲ್ಲಿ ಪರೀಕ್ಷೆಗೆ ಓದುವಾಗ ಒಂದು ಪುಟಕ್ಕೆ ಬಂದು ನಿಂತುಬಿಟ್ಟೆ. ಮೊನೊಕ್ರೊಟೊಫಾಸ್ ಗುಂಪಿನ ಹೆಚ್ಚು ವಿಷದ ಔಷಧಗಳನ್ನು ಮೂವತ್ತು ದಿನದಲ್ಲಿ ಆರು ದಿನಕ್ಕಿಂತ ಹೆಚ್ಚು ಮುಟ್ಟುವ ಕೆಲಸಗಾರನ ರಕ್ತದಲ್ಲಿ ಕೋಲಿನ್‌ಎಸ್ಟರೇಸ್ ಎಂಬ ಕಿಣ್ವದ (ಈ ವಿಷ ಕೆಡಿಸುವುದು ಇದನ್ನೇ) ಮಟ್ಟವನ್ನು ಮಾಲೀಕ ಪರೀಕ್ಷೆ ಮಾಡಿಸಬೇಕು, ಅದು ಇಳಿದರೆ ಆಳನ್ನು ಆ ಕೆಲಸದಿಂದ ತೆಗೆಯಬೇಕು ಎಂದಿತ್ತು. ಅಂದರೆ ಅಪ್ಪನಿಗೆ ಜೊಲ್ಲು ಬರುವುದಕ್ಕೆ ಎಷ್ಟೋ ದಿನ ಮೊದಲೇ ತಿಳಿಯುವ ದಾರಿ ಇತ್ತು. ಆ ದಿನದಿಂದ ನನಗೆ ಇದು ಬರೀ ನೌಕರಿಯ ಕಾಗದವಾಗಿ ಉಳಿಯಲಿಲ್ಲ. ನನ್ನ ಕೈಕೆಳಗೆ ಇಂದು ಒಂಬತ್ತು ಜನ ಇದ್ದಾರೆ, ಹೆಚ್ಚಿನವರು ಮೆಕ್ಸಿಕೋದವರು. ಗಾಳಿ ಜೋರಾದರೆ ಮಾಲೀಕ ಏನೇ ಅನ್ನಲಿ, ನಾನು ಪಂಪು ನಿಲ್ಲಿಸುತ್ತೇನೆ. ಬಿಗಿಯಾದ ಮುಖವಾಡ ಹಾಕುವವರು ಗಡ್ಡ ಬೋಳಿಸಿಯೇ ಬರಬೇಕು ಎನ್ನುತ್ತೇನೆ. ಗಡ್ಡವಿದ್ದರೆ ಮುಖವಾಡ ಚರ್ಮಕ್ಕೆ ಕೂರುವುದಿಲ್ಲ.

ಇನ್ನು ನವೀಕರಣ. ನಾನು ಇದರಲ್ಲಿ ಒಮ್ಮೆ ಸೋತಿದ್ದೇನೆ, ನೀನು ಸೋಲಬೇಡ. ಎರಡು ವರ್ಷದಲ್ಲಿ 20 ತಾಸು ಮಾನ್ಯತೆ ಪಡೆದ ತರಗತಿ ಆಗಬೇಕು, ಅದರಲ್ಲಿ ಕನಿಷ್ಠ 4 ತಾಸು ಕಾನೂನಿನದೇ ಆಗಿರಬೇಕು. ಅಡ್ವೈಸರ್ ಆದರೆ 40 ತಾಸು. ಪ್ರೈವೇಟ್ ಸರ್ಟಿಫಿಕೇಟಿಗೆ ಮೂರು ವರ್ಷಕ್ಕೆ 6 ತಾಸು, ಅದರಲ್ಲಿ 2 ಕಾನೂನು. ನನ್ನ ಮೂರನೇ ನವೀಕರಣದ ಹೊತ್ತಿಗೆ ನನ್ನ ಹತ್ತಿರ 24 ತಾಸು ಇದ್ದವು. ಬಳ್ಳಿ, ರೋಗ, ಯಂತ್ರದ ತರಗತಿ ಎಂದರೆ ನನಗೆ ಪ್ರೀತಿ, ಎಲ್ಲಿದ್ದರೂ ಹೋಗುತ್ತಿದ್ದೆ. ಕಾನೂನಿನದು ಮಾತ್ರ 3 ತಾಸು ಆಗಿತ್ತು. ಲೈಸೆನ್ಸು ಮುಗಿಯುವುದು ಡಿಸೆಂಬರ್ 31ಕ್ಕೆ. ನಾನು ಸರ್ಟಿಫಿಕೇಟುಗಳನ್ನು ಜೋಡಿಸಿ ಎಣಿಸಿದ್ದು ಜನವರಿಯಲ್ಲಿ. ಒಂದು ತಾಸಿನ ಕೊರತೆಗೆ ಮತ್ತೆ ಎರಡೂ ಪರೀಕ್ಷೆ ಬರೆಯಬೇಕಾಯಿತು. ಆ ಎರಡು ತಿಂಗಳು ನನ್ನ ಕೆಲಸವನ್ನು ಬೇರೊಬ್ಬರು ಹೊತ್ತರು, ಮನೆಯಲ್ಲಿ ಸಂಬಳ ಕಡಿಮೆ ಬಂತು. ಈಗ ಮೊದಲ ವರ್ಷವೇ ಕಾನೂನಿನ ನಾಲ್ಕೂ ತಾಸು ಮುಗಿಸುತ್ತೇನೆ, ಅಕ್ಟೋಬರಿನಲ್ಲಿ ಅರ್ಜಿ ಕಳಿಸುತ್ತೇನೆ.

ಆ ತರಗತಿಗಳನ್ನು ಬೇಸರದಿಂದ ನೋಡಬೇಡ, ಕಾನೂನು ನಿಜವಾಗಿ ಬದಲಾಗುತ್ತದೆ. ನಾನು ಬಂದಾಗ ಕ್ಲೋರ್‌ಪೈರಿಫಾಸ್ ಎಂಬ ಕೀಟನಾಶಕ ಎಲ್ಲೆಡೆ ಇತ್ತು. 2020ರ ಕೊನೆಗೆ ಈ ರಾಜ್ಯದಲ್ಲಿ ಅದರ ಬಳಕೆಗೆ ಹೆಚ್ಚುಕಡಿಮೆ ಪೂರ್ತಿ ತೆರೆ ಬಿತ್ತು. ಪ್ಯಾರಾಕ್ವಾಟ್ ಎಂಬ ಕಳೆನಾಶಕ ಮುಟ್ಟಲು ಸರ್ಟಿಫಿಕೇಟು ಇದ್ದವನಿಗೂ ಮೂರು ವರ್ಷಕ್ಕೊಮ್ಮೆ ಬೇರೆ ತರಬೇತಿ ಇದೆ. 2010ರಲ್ಲಿ ನಮ್ಮ ದೇಶದ ದ್ರಾಕ್ಷಿ ಯುರೋಪಿನಲ್ಲಿ ಕ್ಲೋರ್ಮೆಕ್ವಾಟ್ ಉಳಿಕೆಯಿಂದ ಸಿಕ್ಕಿಬಿದ್ದದ್ದು ನಿನ್ನ ಅಪ್ಪನಿಗೆ ನೆನಪಿರಬಹುದು. ಬಳ್ಳಿಯ ಬೆಳವಣಿಗೆ ತಗ್ಗಿಸಲು ಹೊಡೆದು ನಾವು ಸಿಸಿಸಿ ಎನ್ನುವುದು ಅದನ್ನೇ.

ನೀನು ಹೊರಡುವುದಕ್ಕೆ ಇನ್ನೂ ಒಂದು ಚಾಟ್ನಿ ಇದೆ. ಈ ಸಲ ಪ್ರತಿ ಡಬ್ಬಿಯೊಳಗಿನ ಚೀಟಿ ಪೂರ್ತಿ ಓದು, ಒಂದು ನೋಟುಬುಕ್ಕಿನಲ್ಲಿ ದಿನಾಂಕ, ಗಾಳಿ, ಎಕರೆ, ಪ್ರಮಾಣ, ಕೊಯ್ಲಿಗೆ ಬಿಡಬೇಕಾದ ದಿನ ಬರೆದಿಡು. ಚಾಟ್ನಿಯ ದಿನ ಮೊಗ್ಗು ಒಡೆಯಲೆಂದು ಕಡ್ಡಿಗೆ ಹೈಡ್ರೋಜನ್ ಸೈನಮೈಡ್ ಹಚ್ಚುವ ಆಳುಗಳಿಗೆ ಕೈಗವಸು ಕೊಡಿಸು, ಅದರ ಹಿಂದೆಮುಂದೆ ಸಾರಾಯಿ ಕುಡಿಯಬಾರದು ಎಂದು ಬಾಯಿಬಿಟ್ಟು ಹೇಳು. ಆ ಔಷಧ ಮೈಯಲ್ಲಿದ್ದಾಗ ಸಾರಾಯಿ ಸೇರಿದರೆ ಮುಖ ಕೆಂಪೇರಿ ಎದೆ ಬಡಿತ ಏರುತ್ತದೆ. ಖಾಲಿ ಡಬ್ಬಿ ಮೂರು ಸಲ ತೊಳೆದು ಆ ನೀರನ್ನು ಪಂಪಿನ ಟ್ಯಾಂಕಿಗೇ ಸುರಿ, ಡಬ್ಬಿಗೆ ತೂತು ಹೊಡೆ, ಯಾರೂ ಅದರಲ್ಲಿ ಕುಡಿಯುವ ನೀರು ಒಯ್ಯಬಾರದು.

ಬಂದಿಳಿದ ವಾರ ಫೋನ್ ಮಾಡು. ಪರೀಕ್ಷೆಗೆ ಓದುವ ಪುಸ್ತಕ ನನ್ನ ಹತ್ತಿರ ಇದೆ, ಅಂಚಿನಲ್ಲೆಲ್ಲ ಕನ್ನಡದಲ್ಲಿ ಬರೆದುಕೊಂಡಿದ್ದೇನೆ, ಅದನ್ನೇ ಕೊಡುತ್ತೇನೆ. ಬರುವಾಗ ತಿಕೋಟಾದ ಮಣೂಕ ಅರ್ಧ ಕಿಲೋ ತಾ, ಇಲ್ಲಿ ಇಳಿಯುವಾಗ ಕಸ್ಟಮ್ಸ್ ಚೀಟಿಯಲ್ಲಿ ಅದನ್ನು ಬರೆದು ತೋರಿಸಿಯೇ ತಾ.