ಪ್ರಕರಣ: ಒಂಬತ್ತನೆಯ ವಾರದಲ್ಲಿ ಹೊಸ ಕೆಲಸ

2024ರ ಜೂನ್ ಮೊದಲ ವಾರದ ಒಂದು ಸಂಜೆ ಜಯನಗರದ ನನ್ನ ಆಪ್ತಸಮಾಲೋಚನೆಯ ಕೊಠಡಿಗೆ ಬಂದವರನ್ನು ಇಲ್ಲಿ ವಸುಧಾ ಎಂದು ಕರೆಯುತ್ತೇನೆ. ಹೆಸರನ್ನೂ ಗುರುತು ಹಿಡಿಸಬಹುದಾದ ಇತರ ವಿವರಗಳನ್ನೂ ಬದಲಿಸಿದ್ದೇನೆ. ಬರೆಯುವುದಕ್ಕೆ ಅವರ ಒಪ್ಪಿಗೆಯಿದೆ. ವಯಸ್ಸು ಮೂವತ್ತೊಂದು, ಊರು ತುಮಕೂರಿನ ಕಡೆ, ವಾಸ ವಿಜಯನಗರದಲ್ಲಿ. ಸಾಫ್ಟ್‌ವೇರ್ ಪರೀಕ್ಷೆಯ ಕೆಲಸದಲ್ಲಿ ಎಂಟು ವರ್ಷಗಳ ಅನುಭವವಿದ್ದ ಅವರು ಹಳೆಯ ಕಂಪನಿಗೆ ರಾಜೀನಾಮೆ ಕೊಟ್ಟು, ಅರವತ್ತು ದಿನಗಳ ನೋಟಿಸ್ ಮುಗಿಸಿ, ಮುಂದಿನ ಸೋಮವಾರ ವೈಟ್‌ಫೀಲ್ಡ್ ಕಡೆಯ ಹೊಸ ಕಂಪನಿಗೆ ಟೀಮ್ ಲೀಡ್ ಆಗಿ ಸೇರುವವರಿದ್ದರು. ಅಷ್ಟರಲ್ಲಿ ಎಂಟು ವಾರಗಳ ಗರ್ಭಿಣಿಯಾಗಿದ್ದರು.

ಕುಳಿತ ಕೂಡಲೇ ಅವರು ಹೇಳಿದ ಮೊದಲ ಮಾತು, ‘ನಾನು ಮೋಸ ಮಾಡ್ತಿದ್ದೀನಿ ಅನ್ನಿಸ್ತಿದೆ ಮೇಡಂ’ ಎಂಬುದು.

ಮನೆಯಲ್ಲಿ ಮೂವರು ಮೂರು ದಿಕ್ಕಿಗೆ ಎಳೆಯುತ್ತಿದ್ದರು. ಕೆಲಸಕ್ಕೆ ಸೇರಿದ ದಿನವೇ ಹೇಳಿಬಿಡು, ಆಮೇಲೆ ಗೊತ್ತಾದರೆ ಹೆಸರು ಕೆಡುತ್ತದೆ ಎಂಬುದು ಗಂಡನ ವಾದ. ಮೂರು ತಿಂಗಳು ತುಂಬುವವರೆಗೆ ಹೊರಗಿನವರ ಕಿವಿಗೆ ಬೀಳಬಾರದು ಎಂಬುದು ಅತ್ತೆಯ ಕಟ್ಟಪ್ಪಣೆ. ತಾಯಿಯದು ಇನ್ನೂ ಸರಳ: ಈ ಕೆಲಸವನ್ನೇ ಬಿಡು, ಮಗು ನಡೆಯಲು ಕಲಿತ ಮೇಲೆ ಬೇರೆ ಹುಡುಕಿಕೊಂಡರಾಯಿತು. ಇವುಗಳ ನಡುವೆ ವಸುಧಾ ಯಾರಿಗೂ ಹೇಳದೆ ಇಟ್ಟುಕೊಂಡಿದ್ದ ಕಾರಣ ಎರಡನೆಯ ಭೇಟಿಯಲ್ಲಷ್ಟೇ ಹೊರಬಂತು. ಎರಡು ವರ್ಷಗಳ ಹಿಂದೆ ಅವರಿಗೆ ಎಂಟನೆಯ ವಾರದಲ್ಲಿ ಗರ್ಭಪಾತವಾಗಿತ್ತು. ಆಗ ಹಳೆಯ ಕಚೇರಿಯಲ್ಲಿ ಮೊದಲೇ ಸಿಹಿ ಹಂಚಿದ್ದರಿಂದ, ಆಮೇಲೆ ಒಬ್ಬೊಬ್ಬರ ಮೇಜಿನ ಮುಂದೆಯೂ ನಿಂತು ‘ಇಲ್ಲ, ಆಗಲಿಲ್ಲ’ ಎಂದು ಹೇಳಿಕೊಂಡು ಬರಬೇಕಾಗಿತ್ತು. ಹೊಸ ಕಚೇರಿಯಲ್ಲಿ, ಇನ್ನೂ ಹೆಸರು ಸಹ ಗೊತ್ತಿಲ್ಲದವರ ಮುಂದೆ, ಅದೇ ಮಾತನ್ನು ಮತ್ತೊಮ್ಮೆ ಆಡಬೇಕಾಗಿ ಬಂದರೆ ಎಂಬ ಭಯವೇ ಅವರ ಮೌನದ ಬೇರು.

ಇಲ್ಲಿ ನನ್ನದೊಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಮೊದಲ ಭೇಟಿಯಲ್ಲೇ ನಾನು ಕಾನೂನಿನ ಮಾತು ತೆಗೆದೆ. ಅವರು ತಲೆಯಾಡಿಸುತ್ತ ಕೇಳಿಸಿಕೊಂಡರು, ಆದರೆ ಕಣ್ಣೀರು ನಿಲ್ಲಲಿಲ್ಲ. ತಾನು ತಪ್ಪು ಮಾಡುತ್ತಿದ್ದೇನೆ ಎಂದುಕೊಂಡಿರುವವರಿಗೆ ತಮ್ಮ ಹಕ್ಕುಗಳ ವಿವರಣೆ, ತಪ್ಪಿಸಿಕೊಳ್ಳಲು ಯಾರೋ ತೋರಿಸುತ್ತಿರುವ ದಾರಿಯಂತೆ ಕೇಳಿಸುತ್ತದೆ. ಆದ್ದರಿಂದ ಕಾನೂನನ್ನು ಬದಿಗಿಟ್ಟು ಗೋಡೆಯ ಕ್ಯಾಲೆಂಡರನ್ನು ಮೇಜಿನ ಮೇಲೆ ತಂದಿಟ್ಟೆ.

ಸಂದರ್ಶನ ನಡೆದದ್ದು ಮಾರ್ಚಿನಲ್ಲಿ. ಆಫರ್ ಜೊತೆ ಬಂದ ಅರ್ಜಿಯಲ್ಲಿ ‘ಗರ್ಭಿಣಿಯೇ?’ ಎಂಬ ಕಾಲಂ ಇತ್ತು. ಏಪ್ರಿಲ್ 12ರಂದು ವಸುಧಾ ಅದರಲ್ಲಿ ‘ಇಲ್ಲ’ ಎಂದು ಬರೆದಿದ್ದರು. ಅವರ ಕೊನೆಯ ಮುಟ್ಟು ಆರಂಭವಾದದ್ದು ಏಪ್ರಿಲ್ 8ರಂದು. ಗರ್ಭದ ವಾರಗಳನ್ನು ಎಣಿಸುವುದು ಆ ದಿನದಿಂದಲೇ ಆದರೂ, ಗರ್ಭ ನಿಲ್ಲುವುದು ಸಾಮಾನ್ಯವಾಗಿ ಅದಾಗಿ ಸುಮಾರು ಎರಡು ವಾರಗಳ ಬಳಿಕ. ಅಂದರೆ ಅವರು ಬರೆದದ್ದು ಅಕ್ಷರಶಃ ನಿಜ. ಈ ಎರಡು ತಾರೀಖುಗಳನ್ನು ಅವರ ಕೈಯಿಂದಲೇ ಪೆನ್ಸಿಲಿನಲ್ಲಿ ಸುತ್ತಿಸಿದ ಮೇಲೆ ಅವರು ಬಹಳ ಹೊತ್ತು ಆ ಹಾಳೆಯನ್ನೇ ನೋಡುತ್ತಿದ್ದರು. ಒಂದು ತಿಂಗಳಿಂದ ಎದೆಯ ಮೇಲೆ ಹೊತ್ತಿದ್ದ ‘ಸುಳ್ಳು’ ನಡೆದೇ ಇರಲಿಲ್ಲ.

ಅಂಥ ಕಾಲಂ ಇರಬಹುದೇ ಎಂಬುದು ಬೇರೆ ಮಾತು. ಎಲ್‌ಐಸಿಯಲ್ಲಿ ಪ್ರೊಬೇಷನ್ ಮೇಲಿದ್ದ ಒಬ್ಬ ಮಹಿಳೆಯನ್ನು, ನೇಮಕಾತಿಯ ಘೋಷಣಾ ಪತ್ರದಲ್ಲಿ ಗರ್ಭದ ವಿಷಯ ಮುಚ್ಚಿಟ್ಟರೆಂದು ಹೆರಿಗೆಯ ನಂತರ ಕೆಲಸದಿಂದ ತೆಗೆದಾಗ, ಸುಪ್ರೀಂ ಕೋರ್ಟ್ 1991ರಲ್ಲಿ ನೀರಾ ಮಾಥುರ್ ಪ್ರಕರಣದ ತೀರ್ಪಿನಲ್ಲಿ ಅವರನ್ನು ಮರಳಿ ಸೇರಿಸಿಕೊಳ್ಳುವಂತೆ ಹೇಳಿ, ಮುಟ್ಟು ಮತ್ತು ಗರ್ಭಧಾರಣೆಗಳ ಕುರಿತ ಪ್ರಶ್ನೆಗಳನ್ನೇ ಆ ಪತ್ರದಿಂದ ತೆಗೆಯಬೇಕೆಂದು ಸೂಚಿಸಿತು. ಮೂವತ್ತು ವರ್ಷ ಕಳೆದರೂ ಆ ಪ್ರಶ್ನೆ ನಮ್ಮ ಖಾಸಗಿ ಕಂಪನಿಗಳ ಅರ್ಜಿಗಳಲ್ಲಿ ಕುಳಿತೇ ಇದೆ. ಆದರೂ ಅಂಥ ಪ್ರಶ್ನೆಗೆ ಸುಳ್ಳು ಬರೆಯುವಂತೆ ನಾನು ಯಾರಿಗೂ ಸಲಹೆ ಕೊಡುವುದಿಲ್ಲ. ಕೇಳದ ವಿಷಯವನ್ನು ಹೇಳದೆ ಇರುವುದಕ್ಕೂ ಕೇಳಿದ್ದಕ್ಕೆ ಸುಳ್ಳು ಹೇಳುವುದಕ್ಕೂ ಇರುವ ಅಂತರ ವಸುಧಾ ಅವರಂಥ ಮನಸ್ಸಿನವರಿಗೆ ಬಹಳ ದೊಡ್ಡದು. ಎರಡನೆಯದನ್ನು ಮಾಡಿದರೆ ಅವರು ಅದನ್ನು ಒಂಬತ್ತು ತಿಂಗಳೂ ಹೊರುತ್ತಾರೆ.

ತಕ್ಷಣದ ತೊಡಕು ಬೇರೆಯೇ ಇತ್ತು. ಎರಡು ದಿನಗಳಲ್ಲಿ ಕಂಪನಿ ಗೊತ್ತುಮಾಡಿದ ಡಯಾಗ್ನೋಸ್ಟಿಕ್ ಕೇಂದ್ರದಲ್ಲಿ ವೈದ್ಯಕೀಯ ತಪಾಸಣೆ, ಅದರಲ್ಲಿ ಎದೆಯ ಎಕ್ಸ್‌ರೇ ಕೂಡ ಇತ್ತು. ಅದನ್ನು ತೆಗೆಸಿಕೊಳ್ಳಲು ಹೆದರಿಕೆ, ಬೇಡವೆನ್ನಲು ಅದಕ್ಕಿಂತ ಹೆಚ್ಚಿನ ಹೆದರಿಕೆ. ಇಲ್ಲಿ ನನ್ನ ಸಲಹೆ ನೇರವಾಗಿತ್ತು: ಎಕ್ಸ್‌ರೇ ಕೊಠಡಿಗೆ ಹೋಗುವ ಮೊದಲು ಅಲ್ಲಿನ ವೈದ್ಯರಿಗೆ, ಅವರಿಗೆ ಮಾತ್ರ, ವಿಷಯ ತಿಳಿಸಿ, ನಿಮ್ಮ ಪ್ರಸೂತಿ ತಜ್ಞರ ಚೀಟಿಯನ್ನು ತೋರಿಸಿ, ಕೆಲಸಕ್ಕೆ ಅರ್ಹರೇ ಅಲ್ಲವೇ ಎಂಬುದಷ್ಟೇ ಕಂಪನಿಗೆ ಹೋಗುವಂತೆ ಕೇಳಿಕೊಳ್ಳಿ. ಅಲ್ಲಿನ ವೈದ್ಯೆ ಎಕ್ಸ್‌ರೇ ಕೈಬಿಟ್ಟು, ಕೆಲಸಕ್ಕೆ ಯೋಗ್ಯರೆಂದು ಬರೆದುಕೊಟ್ಟರು. ಎಲ್ಲ ಕಡೆ ಇಷ್ಟು ಸಲೀಸಾಗಿ ನಡೆಯುತ್ತದೆಂದು ನಾನು ಹೇಳಲಾರೆ.

ಎರಡನೆಯ ಭೇಟಿಯ ಹೊತ್ತಿಗೆ ಅವರು ಕೆಲಸಕ್ಕೆ ಸೇರಿಯಾಗಿತ್ತು, ಮತ್ತು ಕಾನೂನಿನ ಬಗ್ಗೆ ಈಗ ಅವರೇ ಕೇಳಿದರು. ‘ಒಂದು ವರ್ಷ ಸರ್ವೀಸ್ ಆಗದೆ ಮೆಟರ್ನಿಟಿ ರಜೆ ಸಿಗೋದಿಲ್ವಂತಲ್ಲ?’ ಬೆಂಗಳೂರಿನ ಐಟಿ ಕಚೇರಿಗಳ ಕ್ಯಾಂಟೀನುಗಳಲ್ಲಿ ಈ ನಂಬಿಕೆ ಎಷ್ಟು ಗಟ್ಟಿಯಾಗಿದೆಯೆಂದರೆ, ಕೆಲವು ಎಚ್‌ಆರ್ ಸಿಬ್ಬಂದಿಯ ಬಾಯಲ್ಲೂ ಅದನ್ನು ಕೇಳಿದ್ದೇನೆ. ಆಗ ಜಾರಿಯಲ್ಲಿದ್ದ 1961ರ ಹೆರಿಗೆ ಸೌಲಭ್ಯ ಕಾಯ್ದೆಯ ಪ್ರಕಾರ, ಹೆರಿಗೆಯ ನಿರೀಕ್ಷಿತ ದಿನಕ್ಕೆ ಹಿಂದಿನ ಹನ್ನೆರಡು ತಿಂಗಳಲ್ಲಿ ಆ ಸಂಸ್ಥೆಯಲ್ಲಿ 80 ದಿನ ಕೆಲಸ ಮಾಡಿದ್ದರೆ ಸಾಕು. 2017ರ ತಿದ್ದುಪಡಿಯಿಂದ ಮೊದಲ ಎರಡು ಮಕ್ಕಳಿಗೆ 26 ವಾರಗಳ ಸಂಬಳಸಹಿತ ರಜೆಯಿದೆ. ಅದರಲ್ಲಿ 8 ವಾರಗಳವರೆಗೆ ಹೆರಿಗೆಗೆ ಮೊದಲೇ ತೆಗೆದುಕೊಳ್ಳಬಹುದು. 2025ರ ನವೆಂಬರ್ 21ರಿಂದ ಜಾರಿಗೆ ಬಂದಿರುವ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಈ ಲೆಕ್ಕ ಹಾಗೆಯೇ ಉಳಿದಿರುವುದರಿಂದ ಇದನ್ನು ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ.

ಮತ್ತೆ ಕ್ಯಾಲೆಂಡರ್. ನಿರೀಕ್ಷಿತ ದಿನ ಜನವರಿ 13. ಅದಕ್ಕೆ ಎಂಟು ವಾರ ಮೊದಲು, ನವೆಂಬರ್ 18ರಿಂದ ರಜೆ ಹೋದರೂ, ಜೂನ್ 10ರಿಂದ ಅಲ್ಲಿಯವರೆಗೆ ವಾರಕ್ಕೆ ಐದು ದಿನದಂತೆ 23 ವಾರ, ಒಟ್ಟು 115 ದಿನ. ವಾಂತಿ ಸುಸ್ತಿನ ರಜೆಗಳನ್ನೂ ಸ್ಕ್ಯಾನಿಂಗ್ ದಿನಗಳನ್ನೂ ಕಳೆದರೂ 80 ದಾಟುತ್ತದೆ. ಆದರೆ ಆರಂಭದಲ್ಲೇ ಉದ್ದನೆಯ ಸಂಬಳರಹಿತ ರಜೆ ಹಾಕಿಬಿಟ್ಟರೆ ಲೆಕ್ಕ ತಪ್ಪೀತು ಎಂದು ಎಚ್ಚರಿಸಿದೆ. ಅವರ ನೇಮಕಾತಿ ಪತ್ರವನ್ನು ಜೊತೆಯಾಗಿ ಓದಿದಾಗ ಹೆರಿಗೆ ರಜೆಯ ವಿವರ ಅದರೊಳಗೇ ಸಿಕ್ಕಿತು. ನೇಮಕದ ಸಮಯದಲ್ಲೇ ಅದನ್ನು ಲಿಖಿತವಾಗಿ ತಿಳಿಸುವುದು ಸಂಸ್ಥೆಯ ಕರ್ತವ್ಯ. ಆ ಪುಟವನ್ನು ಅವರು ಓದದೆ ಸಹಿ ಹಾಕಿದ್ದರು. ಆರು ತಿಂಗಳ ಪ್ರೊಬೇಷನ್ ಇದೆಯೆಂಬ ಕಾರಣಕ್ಕೆ ಈ ಹಕ್ಕು ಕರಗುವುದಿಲ್ಲ, ಗರ್ಭಿಣಿಯಾಗಿರುವಾಗ ಕೆಲಸದಿಂದ ತೆಗೆದರೂ ಅರ್ಹಳಾದವಳ ಸೌಲಭ್ಯ ಅದರಿಂದ ತಪ್ಪಿಹೋಗುವುದಿಲ್ಲ ಎಂದೂ ಹೇಳಿದೆ. ಜೊತೆಗೆ, ಮೇಲಧಿಕಾರಿಯ ಮುಖ ಸಪ್ಪೆಯಾಗುವುದನ್ನು ಯಾವ ಕಾಯ್ದೆಯೂ ತಡೆಯಲಾರದು ಎಂಬುದನ್ನೂ ಹೇಳದೆ ಬಿಡಲಿಲ್ಲ.

ಹಾಗಾದರೆ ಹೇಳುವುದು ಯಾವಾಗ? ಗಂಡನ ಮಾತಿಗೂ ಅತ್ತೆಯ ಮಾತಿಗೂ ನಡುವೆ ತೀರ್ಪು ಕೊಡಲು ನಾನು ಒಪ್ಪಲಿಲ್ಲ. ಸುದ್ದಿ ವಸುಧಾ ಅವರದು, ಮೌನವೂ ಅವರದೇ. ಆದರೆ ಮುಗಿಯುವ ದಿನ ಗೊತ್ತಿಲ್ಲದ ಮೌನ ಭಯವನ್ನು ಬೆಳೆಸುತ್ತದೆ, ಆದ್ದರಿಂದ ಅದಕ್ಕೊಂದು ಕೊನೆಯ ತಾರೀಖನ್ನು ಅವರೇ ಗೊತ್ತುಮಾಡಿಕೊಳ್ಳಬೇಕು ಎಂದೆ. ಜುಲೈ ಮೊದಲ ವಾರ, ಹನ್ನೆರಡನೆಯ ವಾರದ ಎನ್‌ಟಿ ಸ್ಕ್ಯಾನ್, ಅಂದರೆ ಭ್ರೂಣದ ಕತ್ತಿನ ಹಿಂಭಾಗವನ್ನು ಅಳೆದು ನೋಡುವ ತಪಾಸಣೆ, ಇತ್ತು. ಅದರ ವರದಿ ಸರಿಯಾಗಿದ್ದರೆ ಹದಿನಾಲ್ಕನೆಯ ವಾರದಲ್ಲಿ ಮೊದಲು ಮ್ಯಾನೇಜರಿಗೆ ಮುಖತಃ, ಅದೇ ದಿನ ಎಚ್‌ಆರ್‌ಗೆ ಇಮೇಲ್ ಎಂದು ಅವರು ನಿರ್ಧರಿಸಿದರು. ಅಲ್ಲಿಯವರೆಗೆ ಪರ್ಪಲ್ ಲೈನ್ ಮೆಟ್ರೋದಲ್ಲಿ ಅತ್ತಿಗುಪ್ಪೆಯಿಂದ ಕುಂದಲಹಳ್ಳಿಯವರೆಗೆ ಮಹಿಳಾ ಬೋಗಿಯಲ್ಲಿ ನಿಂತುಕೊಂಡೇ ಹೋಗುತ್ತಿದ್ದರು. ಹೊಟ್ಟೆ ಕಾಣಿಸದ ತಿಂಗಳುಗಳಲ್ಲಿ ಸುಸ್ತು ಹೆಚ್ಚು, ಸೀಟು ಕಡಿಮೆ. ಸೀಟು ಕೇಳಿ ಪಡೆಯುವುದನ್ನು ಅಭ್ಯಾಸ ಮಾಡಿ, ಅಪರಿಚಿತರಿಗೆ ಹೇಳಿ ರೂಢಿಯಾದರೆ ಕಚೇರಿಯಲ್ಲಿ ನಾಲಿಗೆ ತೊದಲುವುದಿಲ್ಲ ಎಂದಿದ್ದೆ. ಅರ್ಧ ತಮಾಷೆಗೆ ಹೇಳಿದ್ದು, ಅವರು ನಿಜವಾಗಿಯೂ ಮಾಡಿದರು.

ಮ್ಯಾನೇಜರಿಗೆ ಆಡಬೇಕಾದ ಮಾತನ್ನು ಅವರು ಬರೆದು ತಂದಿದ್ದರು. ಒಂದೇ ಪುಟದಲ್ಲಿ ‘ಕ್ಷಮಿಸಿ’ ನಾಲ್ಕು ಸಲ. ನಾಲ್ಕನ್ನೂ ತೆಗೆದು ಗಟ್ಟಿಯಾಗಿ ಓದಿಸಿದಾಗ ಉಳಿದದ್ದು ಮೂರೇ ವಾಕ್ಯ: ನಾನು ಗರ್ಭಿಣಿ, ಜನವರಿ ಎರಡನೆಯ ವಾರ ಹೆರಿಗೆ; ನವೆಂಬರ್ ಮಧ್ಯದವರೆಗೆ ಕೆಲಸ ಮಾಡುತ್ತೇನೆ; ಹಸ್ತಾಂತರದ ಯೋಜನೆಯನ್ನು ಸೆಪ್ಟೆಂಬರಿನಲ್ಲಿ ಕೊಡುತ್ತೇನೆ. ‘ಇದು ತುಂಬಾ ಒರಟಾಯ್ತಲ್ವಾ?’ ಎಂದರು. ಒರಟಲ್ಲ, ಚಿಕ್ಕದು ಎಂದೆ.

ಮ್ಯಾನೇಜರ್ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಇಂಟರ್‌ವ್ಯೂ ಸಮಯದಲ್ಲೇ ಗೊತ್ತಿತ್ತಾ?’ ಎಂದು ಕೇಳಿದರಂತೆ. ಆ ಪ್ರಶ್ನೆ ಬರುತ್ತದೆಂದು ನಾವು ಊಹಿಸಿದ್ದೆವು. ‘ಆಗ ಇರಲಿಲ್ಲ, ಸೇರುವಾಗ ಗೊತ್ತಿತ್ತು, ಸ್ಕ್ಯಾನ್ ಆದ ಮೇಲೆ ಹೇಳುತ್ತಿದ್ದೇನೆ’ ಎಂದು ವಸುಧಾ ಉತ್ತರಿಸಿದರು. ಮಾತು ಅಲ್ಲಿಗೆ ನಿಂತಿತು. ಎಚ್‌ಆರ್‌ನವರು ವೈದ್ಯರ ಪ್ರಮಾಣಪತ್ರ ಕೇಳಿ ತೆಗೆದುಕೊಂಡರು.

ತೊಂದರೆ ಬಂದದ್ದು ಆಗಸ್ಟಿನಲ್ಲಿ, ಅದೂ ಅಕ್ಕರೆಯ ರೂಪದಲ್ಲಿ. ‘ನಿಮಗೆ ಒತ್ತಡ ಬೇಡ’ ಎಂದು ಅಕ್ಟೋಬರಿನ ಸಾಫ್ಟ್‌ವೇರ್ ಬಿಡುಗಡೆಯ ಇಡೀ ಜವಾಬ್ದಾರಿಯನ್ನು ಅವರಿಂದ ತೆಗೆದು ಬೇರೊಬ್ಬರಿಗೆ ಕೊಟ್ಟರು. ಇಂಥ ಕಾಳಜಿಗೆ ಎದುರಾಡುವುದು ಕೃತಘ್ನತೆಯಂತೆ ಕಾಣುವುದರಿಂದ ಬಹಳಷ್ಟು ಹೆಣ್ಣುಮಕ್ಕಳು ಇಲ್ಲಿ ಸುಮ್ಮನಾಗುತ್ತಾರೆ. ವರ್ಷದ ಕೊನೆಯ ಮೌಲ್ಯಮಾಪನದಲ್ಲಿ ಮಾತ್ರ ಅದರ ಬೆಲೆ ತಿಳಿಯುತ್ತದೆ. ದೂರಿನ ದನಿ ಬೇಡ, ಧನ್ಯವಾದ ಹೇಳಿ, ಏನನ್ನು ಮಾಡಬಲ್ಲಿರಿ, ಏನನ್ನು ಮಾಡಲಾರಿರಿ ಎಂಬುದನ್ನು ತಾರೀಖು ಸಹಿತ ಬರೆಯಿರಿ ಎಂದು ಸಲಹೆ ಕೊಟ್ಟೆ. ರಾತ್ರಿ ಹನ್ನೊಂದರ ಗ್ರಾಹಕರ ಕರೆಗಳನ್ನು ಬಿಡುತ್ತೇನೆ, ಬಿಡುಗಡೆಯ ಪರೀಕ್ಷೆಯನ್ನು ಬಿಡುವುದಿಲ್ಲ ಎಂದು ಅವರು ಬರೆದರು. ವಾರದ ಬಳಿಕ ಪರೀಕ್ಷೆಯ ಕೆಲಸ ಮರಳಿ ಬಂತು, ಇನ್ನೊಬ್ಬರ ಜೊತೆ ಹಂಚಿಕೊಂಡು.

ನವೆಂಬರಿನಲ್ಲಿ ರಜೆಗೆ ಹೋಗುವ ಮುನ್ನ ಕಂಪನಿ ಅವರ ಪ್ರೊಬೇಷನ್ ಅವಧಿಯನ್ನು ರಜೆ ಮುಗಿಯುವವರೆಗೆ ಮುಂದೂಡಿತು. ಇದಕ್ಕೆ ಜಗಳ ಆಡಬೇಕೇ ಎಂದು ಫೋನಿನಲ್ಲಿ ಕೇಳಿದರು. ಯಾವ ನಿಯಮದಡಿ ಎಂದು ಮೊದಲು ಲಿಖಿತವಾಗಿ ಕೇಳಿ, ಉತ್ತರ ಬಾರದಿದ್ದರೆ ಅಥವಾ ಸಂಬಳಕ್ಕೆ ಕೈಹಾಕಿದರೆ ಬನ್ನೇರುಘಟ್ಟ ರಸ್ತೆಯಲ್ಲಿರುವ ಕಾರ್ಮಿಕ ಇಲಾಖೆಯ ಕಚೇರಿ, ಕಾರ್ಮಿಕ ಭವನದ ದಾರಿ ಇದ್ದೇ ಇದೆ ಎಂದೆ. ಯಾವ ಕಾರಣದ ದೀರ್ಘ ರಜೆಗಾದರೂ, ಗಂಡಸರಿಗೂ, ಇದೇ ನಿಯಮ ಅನ್ವಯಿಸುತ್ತದೆ, ರಜೆಯ ಸಂಬಳಕ್ಕೆ ಇದರಿಂದ ಬಾಧಕವಿಲ್ಲ ಎಂದು ಎಚ್‌ಆರ್ ಉತ್ತರಿಸಿತು. ವಸುಧಾ ಅಷ್ಟಕ್ಕೆ ಒಪ್ಪಿಕೊಂಡರು. ನಾನಾಗಿದ್ದರೆ ಇನ್ನೊಂದು ಇಮೇಲ್ ಬರೆಯುತ್ತಿದ್ದೆನೇನೋ. ಆದರೆ ಅವರು ಆ ಸಂಜೆ ಸೀಮಂತದ ಸೀರೆ ಕೊಳ್ಳಲು ತಾಯಿಯೊಡನೆ ಚಿಕ್ಕಪೇಟೆಗೆ ಹೋಗುವವರಿದ್ದರು, ಫೋನ್ ಬೇಗ ಇಟ್ಟರು.