ಓಟಕ್ಕೆ ಮುನ್ನ ನಡುಗುವ ಕಾಲು

“ಪಿಯುಸಿ ಓದುವ ನನ್ನ ಮಗಳು 800 ಮೀಟರ್ ಓಟಗಾರ್ತಿ. ರಾಯಚೂರಿನ ಕ್ರೀಡಾಂಗಣದಲ್ಲಿ ಸ್ಪರ್ಧೆ ಎಂದರೆ ಹಿಂದಿನ ರಾತ್ರಿ ನಿದ್ದೆಯಿಲ್ಲ, ಬೆಳಿಗ್ಗೆ ವಾಂತಿ. ಬಸ್ ಹತ್ತಿಸುವಾಗ ಅವಳ ಅಪ್ಪ ‘ಈ ಸಲ ಪದಕ ತರಲೇಬೇಕು’ ಎಂದು ಹುರಿದುಂಬಿಸುತ್ತಾರೆ. ದೊಡ್ಡ ಆಟಗಾರರಿಗೂ ಹೀಗಾಗುತ್ತದೆಯೇ? ಭಯ ಬಿಡಿಸುವುದು ಹೇಗೆ?”
– ಓದುಗರೊಬ್ಬರು, ಸಿಂಧನೂರು

ತಾಯಿ, ಖಂಡಿತ ಆಗುತ್ತದೆ. ನಿಮ್ಮ ಮಗಳು ಪುಕ್ಕಲಿ ಅಲ್ಲ. ಸ್ಪರ್ಧೆ ಹತ್ತಿರವಾದಂತೆ ಅಡ್ರಿನಲಿನ್ ರಕ್ತಕ್ಕೆ ಸೇರುತ್ತದೆ, ಎದೆ ಬಡಿತ ಏರುತ್ತದೆ, ಹೊಟ್ಟೆಯ ಕಡೆಯ ರಕ್ತ ಸ್ನಾಯುಗಳತ್ತ ತಿರುಗುತ್ತದೆ. ಹೊಟ್ಟೆ ತೊಳಸುವುದು ಅದಕ್ಕೇ. ಮೈ ಓಡಲು ಅಣಿಯಾಗುತ್ತಿದೆ. ಆ ಭಯವನ್ನು ಬಿಡಿಸಲು ಹೋಗಬೇಡಿ. “ಹೆದರಬೇಡ” ಎಂದಷ್ಟೂ ಹೆದರಿಕೆಯೇ ನೆನಪಾಗುತ್ತದೆ.

ರೈಫಲ್ ಶೂಟರ್ ಅಭಿನವ್ ಬಿಂದ್ರಾ 2004ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಫೈನಲ್ ತಲುಪಿಯೂ ಏಳನೆಯವರಾದರು. 2008ರ ಬೀಜಿಂಗ್‌ಗೆ ಮುನ್ನ ಜರ್ಮನಿಯಲ್ಲಿ ಸುಮಾರು 40 ಅಡಿ ಎತ್ತರದ ಕಂಬವೊಂದನ್ನು ಹತ್ತಿದರು, ಭಯವನ್ನು ಎದುರಿಸಿ ನೋಡಲೆಂದೇ. ಬೀಜಿಂಗ್ ಫೈನಲ್‌ನಲ್ಲಿ ಅವರ ಕೊನೆಯ ಗುಂಡು 10.8; ಚಿನ್ನ ಬಂತು. ಅದೇ ಕೂಟದ 200 ಮೀಟರ್ ಬಟರ್‌ಫ್ಲೈನಲ್ಲಿ ಅಮೆರಿಕದ ಈಜುಗಾರ ಮೈಕೆಲ್ ಫೆಲ್ಪ್ಸ್ ಅವರ ಈಜು ಕನ್ನಡಕದೊಳಗೆ ನೀರು ತುಂಬಿ ಕಣ್ಣೇ ಕಾಣದಾಯಿತು. ಕೈಬೀಸುಗಳನ್ನು ಎಣಿಸುತ್ತ ಈಜಿ ವಿಶ್ವದಾಖಲೆ ಬರೆದರು. ಇಂಥ ಎಡವಟ್ಟುಗಳನ್ನೂ ಅವರು ಮೊದಲೇ ಮನಸ್ಸಿನಲ್ಲಿ ಈಜಿ ಮುಗಿಸಿದ್ದರು.

ನಿಮ್ಮ ಮಗಳೂ ರಾತ್ರಿ ಕಣ್ಣು ಮುಚ್ಚಿ ಓಡಲಿ. ಗೆದ್ದ ಚಿತ್ರವೊಂದೇ ಸಾಲದು. ಮೊದಲ ತಿರುವು ದಾಟಿ ಎಲ್ಲರೂ ಒಳಗೆರೆಗೆ ನುಗ್ಗುವಾಗ ಯಾರದೋ ಮೊಣಕೈ ತಗುಲಿತು, ಲಯ ತಪ್ಪಿತು. ಆಗ ನಾಲ್ಕು ಹೆಜ್ಜೆಯಲ್ಲಿ ಹೇಗೆ ಸುಧಾರಿಸಿಕೊಳ್ಳುತ್ತಾಳೆ? ಅದನ್ನು ಹತ್ತು ಸಲ ಓಡಲಿ. ಗೆರೆಯ ಬಳಿ ಕಾಯುವಾಗ ಉಸಿರು ಎಳೆದುಕೊಂಡದ್ದಕ್ಕಿಂತ ನಿಧಾನವಾಗಿ, ಉದ್ದವಾಗಿ ಬಿಡಲಿ. ಎದೆ ಬಡಿತ ಇಳಿಯುತ್ತದೆ. ಓಟದ ಬೆಳಿಗ್ಗೆ ಹೋಟೆಲಿನ ಒಗ್ಗರಣೆ, ಮಿರ್ಚಿ ಬೇಡ. ರೂಢಿಯ ತಿಂಡಿಯನ್ನೇ ಎರಡು ಮೂರು ಗಂಟೆ ಮೊದಲು ತಿನ್ನಲಿ.

ನಿಮ್ಮ ಪತ್ರದಲ್ಲಿ ನನ್ನನ್ನು ಕಾಡಿದ್ದು ವಾಂತಿಗಿಂತ ಆ ಬಸ್ ನಿಲ್ದಾಣದ ಮಾತು. ಯಜಮಾನರಿಗೆ ಮಗಳ ಮೇಲೆ ಪ್ರೀತಿ ಇದೆ, ಅನುಮಾನವೇ ಇಲ್ಲ. ಆದರೆ ಪದಕ ಅವಳ ಕೈಯಲ್ಲಿಲ್ಲ, ಪಕ್ಕದ ಏಳು ಹುಡುಗಿಯರೂ ಓಡುತ್ತಾರೆ. ಅವಳ ಕೈಯಲ್ಲಿರುವುದು ಮೊದಲ ಸುತ್ತಿನ ವೇಗ ಮಾತ್ರ. ಅದನ್ನು ಕೇಳಲಿ. ಇಲ್ಲವೇ ನೀರಿನ ಬಾಟಲಿ ಕೊಟ್ಟು ಸುಮ್ಮನೆ ಕೈಬೀಸಲಿ.

ಸ್ಪರ್ಧೆಯಿಲ್ಲದ ದಿನಗಳಲ್ಲೂ ನಿದ್ದೆ, ಊಟ ಕೆಟ್ಟರೆ ಮಾತ್ರ ತಡಮಾಡದೆ ವೈದ್ಯರಿಗೆ ತೋರಿಸಿ. ಅಮೆರಿಕದ ಜಿಮ್ನಾಸ್ಟ್ ಸಿಮೋನ್ ಬೈಲ್ಸ್ ಮನಸ್ಸಿನ ಆರೋಗ್ಯಕ್ಕಾಗಿ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ತಂಡದ ಫೈನಲ್‌ನ ನಡುವೆಯೇ ಹಿಂದೆ ಸರಿದರು. 2024ರ ಪ್ಯಾರಿಸ್‌ನಲ್ಲಿ ಮೂರು ಚಿನ್ನ ಗೆದ್ದರು.

ಮುಂದಿನ ಕೂಟದ ಬೆಳಿಗ್ಗೆ ಹೇಗೆ ಕಳೆಯಿತೆಂದು ಬರೆಯಿರಿ. ಕಾಯುತ್ತಿರುತ್ತೇನೆ.

– ಸಂಪಾದಕ